ಗಾರೆ ಕಲಸಿದವರಿಗೆ, ಪುಸ್ತಕ ಕಾಯ್ದವರಿಗೆ

ಮೈಸೂರಿನ ನಮ್ಮ ಅಗ್ರಹಾರದ ಹಳೇ ವಾಚನಾಲಯ ಮತ್ತೆ ತೆರೆದಿದೆ. ಜಾಸ್ತಿ ದುಡಿದವರೇ ಭಾನುವಾರದ ಸಮಾರಂಭದಲ್ಲಿ ವೇದಿಕೆ ಹತ್ತಲು ಒಪ್ಪಲಿಲ್ಲ. ಅವರಿಗೆಲ್ಲ ಇಲ್ಲಾದರೂ ಧನ್ಯವಾದ ಹೇಳಲೇಬೇಕು.

ಕೆಡವಿ ಹೊಸದು ಕಟ್ಟೋಣ ಎಂದವರ ಮೇಲೆ ನನಗೆ ಬೇಸರವಿಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದದ್ದನ್ನು ಕಂಡ ಊರು ಇದು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಬಿರುಕು ಬಿಟ್ಟ ಗೋಡೆಯ ಪಕ್ಕ ಮಕ್ಕಳನ್ನು ಕೂರಿಸಲು ಯಾರಿಗೆ ತಾನೇ ಧೈರ್ಯ ಬರುತ್ತದೆ? ಆ ಭಯ ಕಳೆದವರು ನಮ್ಮ ಎಂಜಿನಿಯರ್ ಮೇಡಂ. ಒಂದು ರೂಪಾಯಿಯೂ ಪಡೆಯದೆ ಇಡೀ ಕಟ್ಟಡ ಪರೀಕ್ಷೆ ಮಾಡಿದರು. ತಳಪಾಯ ಗಟ್ಟಿಯಾಗಿದೆ, ತೊಂದರೆ ಇರುವುದು ಗೋಡೆಯ ಮೇಲಿನ ಸಿಮೆಂಟಿನಲ್ಲಿ ಎಂದು ತೋರಿಸಿಕೊಟ್ಟರು.

ಹಿಂದೊಮ್ಮೆ ರಿಪೇರಿ ಅಂತ ಹಳೇ ಗಾರೆಯ ಮೇಲೆ ಸಿಮೆಂಟ್ ಬಳಿದಿದ್ದರು. ಸುಣ್ಣದ ಗಾರೆಯ ಗೋಡೆ ಮಳೆಗಾಲದಲ್ಲಿ ನೀರು ಹೀರಿದರೂ ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಮೇಲೆ ಸಿಮೆಂಟ್ ಕೂತರೆ ತೇವ ಒಳಗೇ ಉಳಿಯುತ್ತದೆ. ಇಟ್ಟಿಗೆ ಪುಡಿಯಾಗುತ್ತದೆ, ತೊಲೆಯ ತುದಿ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ. ನಮ್ಮಲ್ಲಿ ಮೂರೂ ಆಗಿತ್ತು.

ಸುಣ್ಣದ ಕೆಲಸ ಬಲ್ಲವರು ಈಗ ಸುಲಭಕ್ಕೆ ಸಿಗುವುದಿಲ್ಲ. ನಂಜನಗೂಡಿನ ಕಡೆಯಿಂದ ಬಂದ ಆ ಹಿರಿಯ ಮೇಸ್ತ್ರಿಗೆ ಮತ್ತು ಅವರ ಮಕ್ಕಳಿಗೆ ನಮ್ಮ ಬೀದಿ ಋಣಿ. ಸುಣ್ಣವನ್ನು ಅರಳಿಸಿ, ವಾರಗಟ್ಟಲೆ ನೀರಿನಲ್ಲಿ ನೆನೆಸಿಟ್ಟರು. ಮರಳು, ಇಟ್ಟಿಗೆ ಪುಡಿ ಸೇರಿಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಹಾಕಿ ಅರೆದರು. ಬೇಗ ಮುಗಿಸಿ ಎಂದು ಸುತ್ತಲಿಂದ ಒತ್ತಾಯ ಬಂದರೂ ಒಂದು ಪದರ ಬಿಗಿಯುವ ಮುಂಚೆ ಇನ್ನೊಂದನ್ನು ಬಳಿಯಲಿಲ್ಲ. ಸುಣ್ಣ ಗಾಳಿಯನ್ನು ಹೀರಿಕೊಂಡು ನಿಧಾನಕ್ಕೆ ಕಲ್ಲಾಗುತ್ತದೆ. ಆ ನಿಧಾನವನ್ನು ಅವರು ಬಿಟ್ಟುಕೊಡಲಿಲ್ಲ ಎಂಬುದಕ್ಕೇ ನನಗೆ ಅವರ ಮೇಲೆ ಇಷ್ಟು ಗೌರವ.

ಬಡಗಿಯಣ್ಣನವರು ತೊಲೆಗಳನ್ನು ಪೂರ್ತಿ ಕಿತ್ತು ಎಸೆಯಲಿಲ್ಲ. ಕೊಳೆತ ತುದಿಯಷ್ಟೇ ಕತ್ತರಿಸಿ, ಕೆಡವಿದ ಮನೆಗಳಿಂದ ತಂದ ಹಳೇ ತೇಗವನ್ನು ಬೆಸೆದರು. ಆ ಜೋಡಣೆ ಎಲ್ಲಿದೆ ಅಂತ ಹುಡುಕಿದರೂ ಸುಮ್ನೆ ಕಣ್ಣಿಗೆ ಬೀಳುವುದಿಲ್ಲ. ಎದುರು ಮನೆಯ ಅಜ್ಜಿ ಬೇಸಿಗೆಯುದ್ದಕ್ಕೂ ಗೋಡೆ ನೆನೆಸಲು ತಮ್ಮ ಬೋರ್‌ವೆಲ್ ನೀರು ಕೊಟ್ಟರು, ಬಾಗಿಲಿಗೆ ಬಂದ ಸುಣ್ಣದ ಧೂಳನ್ನೂ ಸಹಿಸಿಕೊಂಡರು. ರಾಶಿ ಬಿದ್ದ ಮಣ್ಣು ಸಾಗಿಸಿದ ಪೌರಕಾರ್ಮಿಕರಿಗೂ, ದುಡ್ಡು ಕೊಟ್ಟ ಪ್ರತಿಯೊಬ್ಬರಿಗೂ ನಮಸ್ಕಾರ.

ಇನ್ನು ಪುಸ್ತಕಗಳು. ಬೀದಿಯ ಮನೆಮನೆಗಳಲ್ಲಿ ಅಟ್ಟದ ಮೇಲೆ, ಮಂಚದ ಕೆಳಗೆ, ಒಂದು ಮನೆಯಲ್ಲಂತೂ ದೇವರ ಕೋಣೆಯಲ್ಲಿ ಅವು ಕಾದಿದ್ದವು. ಒಣಗಿದ ಬೇವಿನ ಎಲೆ ಇಟ್ಟು, ಆಗಾಗ ಗಾಳಿಗೆ ಹರಡಿ, ಹುಳ ಹತ್ತದಂತೆ ನೋಡಿಕೊಂಡ ಅಕ್ಕಂದಿರೇ, ಕಟ್ಟಡ ಉಳಿದರೂ ನೀವಿಲ್ಲದೆ ಇದ್ದಿದ್ದರೆ ಕಪಾಟು ಖಾಲಿ ಇರುತ್ತಿತ್ತು, ಅಲ್ವಾ?

ಮಹಡಿಯ ಕೋಣೆಯ ಕೆಲಸ ಇನ್ನೂ ಬಾಕಿ ಇದೆ, ಮಳೆ ಮುಗಿದ ಮೇಲೆ ಶುರು. ಕೆಳಗಿನ ಹಾಲ್‌ನಲ್ಲಿ ಬೆಳಗ್ಗೆ, ಸಂಜೆ ಪೇಪರ್ ಓದಬಹುದು. ಯಾರ ಮನೆಯಲ್ಲಾದರೂ ನಮ್ಮ ಪುಸ್ತಕದ ಪೆಟ್ಟಿಗೆ ಉಳಿದಿದ್ದರೆ ಹೇಳಿ ಕಳಿಸಿ. ಹೊತ್ತು ತರುವ ಕಷ್ಟ ನಿಮಗೆ ಬೇಡ, ಹುಡುಗರು ಬಂದು ತೆಗೆದುಕೊಂಡು ಹೋಗುತ್ತಾರೆ.