ಬಿಟ್ಟು ಓದಿದ ಸಾಲು

ನವಲಗುಂದ
26 ಜನವರಿ 2014

ಚಿ. ವಿದ್ಯಾಳಿಗೆ ಕಾಕಾನ ಆಶೀರ್ವಾದ.

ಉಕ್ರೇನಿನ ಕೀವ್‌ನಿಂದ ನೀನು ಕಳಿಸಿದ ಈಮೇಲ್ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಒಂದು ಸಾಲು ಮಾತ್ರ ಬಿಟ್ಟು ಓದಿದೆ. "ಹ್ರೊಮಾಡ್ಸ್ಕೆ ಚಾನೆಲ್‌ನವರು ಲೈವ್ ಇರ್ತಾರೆ ಕಾಕಾ, ಕ್ಯಾಮೆರಾ ಇದ್ದಲ್ಲಿ ಯಾರೂ ಹೊಡೆಯಲ್ಲ, ಶನಿವಾರ ನಾವೂ ಪ್ರತಿಭಟನೆ ನಡೆಯೋ ಮೈದಾನ್ ಚೌಕಕ್ಕೆ ಹೋಗ್ತೀವಿ" ಅಂತ ಬರೆದಿದ್ದೀಯಲ್ಲ, ಆ ಸಾಲು.

ಆ ಚಾನೆಲ್ಲನ್ನು ನಾನೂ ಯೂಟ್ಯೂಬ್‌ನಲ್ಲಿ ನೋಡುತ್ತೇನೆ. ಭಾಷೆ ತಿಳಿಯುವುದಿಲ್ಲ, ಆದರೂ ನೋಡುತ್ತೇನೆ. ಸಾಹುಕಾರರ ಹಂಗು ಬೇಡವೆಂದ ಪತ್ರಕರ್ತರು ಸೇರಿ ದೇಣಿಗೆ ಎತ್ತಿ ಕಟ್ಟಿದ್ದು. ನವೆಂಬರ್‌ನಲ್ಲಿ ಸರ್ಕಾರ ಯುರೋಪಿನ ಒಪ್ಪಂದ ಕೈಬಿಟ್ಟಿತು, ಆ ಹೊತ್ತಿಗೇ ಇವರ ಪ್ರಸಾರವೂ ಶುರುವಾಯಿತು. ಅವರಲ್ಲೊಬ್ಬ, ಮುಸ್ತಫಾ ನಯ್ಯೆಮ್, ಅದನ್ನು ಪ್ರತಿಭಟಿಸಲು ಫೇಸ್‌ಬುಕ್ಕಿನಲ್ಲಿ ಜನರನ್ನು ಆ ಚೌಕಕ್ಕೆ ಕರೆದ. ಸುದ್ದಿ ಹೇಳುವವನೇ ಜನ ಸೇರಿಸುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಇರಲಿ.

ಕ್ಯಾಮೆರಾ ಇದ್ದಲ್ಲಿ ಹೊಡೆಯಲ್ಲ ಅಂತ ಯಾರು ಹೇಳಿದರು ನಿನಗೆ? ನವೆಂಬರ್ 30ರ ನಸುಕಿನಲ್ಲಿ ನಿನ್ನ ವಯಸ್ಸಿನ ಹುಡುಗರನ್ನು ಬೆರ್ಕುಟ್ ಎಂಬ ವಿಶೇಷ ಪಡೆಯ ಪೊಲೀಸರು ಬಡಿದಾಗ ಕ್ಯಾಮೆರಾ ಇದ್ದವು. ಮರುದಿನ ಬಂಕೋವಾ ಬೀದಿಯಲ್ಲಿ ಕ್ಯಾಮೆರಾ ಹಿಡಿದವರೇ ಏಟು ತಿಂದರು. ಟೆಟಿಯಾನಾ ಚೊರ್ನೊವೊಲ್ ಎಂಬ ಪತ್ರಕರ್ತೆಯನ್ನು ಕ್ರಿಸ್‌ಮಸ್ ಹೊತ್ತಿನಲ್ಲಿ ಕಾರಿನಲ್ಲಿ ಬೆನ್ನಟ್ಟಿ ಹೊಡೆದರು. ಬೆನ್ನಟ್ಟಿದ್ದನ್ನು ಅವಳ ಕಾರಿನ ಕ್ಯಾಮೆರಾ ಚಿತ್ರ ಹಿಡಿಯುತ್ತಲೇ ಇತ್ತು. ಮೊನ್ನೆ 22ಕ್ಕೆ ಹ್ರುಶೆವ್ಸ್ಕಿ ಬೀದಿಯಲ್ಲಿ ಗುಂಡು ತಗುಲಿ ಪ್ರತಿಭಟನೆಗೆ ಬಂದವರು ಸತ್ತೇ ಹೋದರು.

ನಾನೂ ನಿನ್ನ ಹಾಗೇ ನಂಬಿದ್ದೆ. 1980ರ ಜುಲೈ 21. ಮಲಪ್ರಭಾ ನೀರಿನ ಕರದ ವಿರುದ್ಧ ರೈತರು ಎದ್ದ ದಿನ, ಇಲ್ಲೂ ನರಗುಂದದಲ್ಲೂ ಗೋಲಿಬಾರ್ ಆದ ದಿನ. ನನ್ನ ಕೊರಳಲ್ಲಿ ಗೆಳೆಯನ ಆಗ್ಫಾ ಕ್ಯಾಮೆರಾ ಇತ್ತು. ಪೇಪರಿನವನು ಅಂದುಕೊಂಡು ಬಿಡುತ್ತಾರೆ ಅಂತ ಧೈರ್ಯ. ಗದ್ದಲದಲ್ಲಿ ಬಿದ್ದ ಏಟು ಕ್ಯಾಮೆರಾ ಹಿಡಿದ ಮೊಣಕೈಗೇ ಬಿತ್ತು. ಚಳಿಗಾಲದಲ್ಲಿ ಇವತ್ತಿಗೂ ಸೆಳೆಯುತ್ತದೆ.

ಆದರೆ ನನ್ನನ್ನು ಕಾಡುವುದು ಅದಲ್ಲ ತಂಗಿ. ರೀಲಿನಲ್ಲಿ 12 ಫೋಟೊ ಇದ್ದವು. ಮನೆ ಜಡ್ತಿ ಮಾಡುತ್ತಾರೆ ಅಂತ ಸುದ್ದಿ ಬಂತು. ಹೆದರಿ, ಬಚ್ಚಲ ಒಲೆಗೆ ಹಾಕಿಬಿಟ್ಟೆ. ಯಾರೂ ಬರಲಿಲ್ಲ. ಮೊದಲು ಕೈ ಎತ್ತಿದವರು ಯಾರು ಅಂತ ಕಟ್ಟೆಯ ಮೇಲೆ ವಾದ ಎದ್ದಾಗಲೆಲ್ಲ ನಾನು ಸುಮ್ನೆ ಎದ್ದು ಬರುತ್ತೇನೆ. ಅದಕ್ಕೇ ಆ ಚಾನೆಲ್ಲಿನ ಹುಡುಗರು ರಾತ್ರಿಯಿಡೀ ಹಿಮದಲ್ಲಿ ನಿಂತು ತೋರಿಸುವುದನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚೂ ಆಗುತ್ತದೆ. ಕ್ಯಾಮೆರಾದಿಂದ ಆಮೇಲೆ ಸುಳ್ಳು ಹೇಳುವುದು ಕಷ್ಟವಾಗುತ್ತದೆ, ಅಷ್ಟೇ. ಬೀಳುವ ಏಟು ನಿಲ್ಲುವುದಿಲ್ಲ.

ಹೋಗಬೇಡ ಅನ್ನಲು ನನಗೆ ಬಾಯಿಲ್ಲ, ಅಲ್ವಾ? ಆದರೂ ಹೋಗಬೇಡ. ಹೋದರೆ ಪಾಸ್‌ಪೋರ್ಟಿನ ಜೆರಾಕ್ಸ್ ಜೇಬಿನಲ್ಲಿರಲಿ, ಅಸಲು ಹಾಸ್ಟೆಲ್ಲಿನಲ್ಲೇ ಇರಲಿ. ಹೊರಗೆ ಬರುವ ದಾರಿ ಮೊದಲೇ ನೋಡಿಕೋ. ಚಿತ್ರ ತೆಗೆಯಲು ಫೋನ್ ಎತ್ತಬೇಡ... ಇದನ್ನು ನಾನೇ ಹೇಳುವ ಹಾಗಾಯಿತು ನೋಡು.

ಶನಿವಾರ ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡು. ಮನೆಯ ನಂಬರಿಗೆ ಬೇಡ, ನನ್ನ ಮೊಬೈಲಿಗೆ. ನಿನ್ನಪ್ಪನಿಗೆ ಆ ಸಾಲು ಇನ್ನೂ ಗೊತ್ತಿಲ್ಲ.

ನಿನ್ನ,
ಕಾಕಾ