ಶಾಲೆಯ ಸಕ್ಕರೆ ಫಲಕ ಮತ್ತು ನಮ್ಮ ಮನೆಯ ಬಿಸ್ಕತ್ತಿನ ಡಬ್ಬಿ

ಮಾನ್ಯ ಸಂಪಾದಕರೇ,

ಮಕ್ಕಳು ತಿಂದು ಕುಡಿಯುವ ಪದಾರ್ಥಗಳಲ್ಲಿ ಎಷ್ಟು ಸಕ್ಕರೆ ಅಡಗಿದೆ ಎಂಬುದನ್ನು ತಿಳಿಸುವ ‘ಸಕ್ಕರೆ ಫಲಕ’ಗಳನ್ನು ಹಾಕುವಂತೆ ಸಿಬಿಎಸ್‌ಇ 2025ರ ಮೇ ತಿಂಗಳಲ್ಲಿ ತನ್ನ ಶಾಲೆಗಳಿಗೆ ಸೂಚಿಸಿತು. ನಾಲ್ಕರಿಂದ ಹತ್ತು ವರ್ಷದ ಮಕ್ಕಳಿಗೆ ದಿನಕ್ಕೆ ದೊರೆಯುವ ಕ್ಯಾಲೊರಿಯಲ್ಲಿ ಶೇ 13ರಷ್ಟು ಸಕ್ಕರೆಯಿಂದಲೇ ಬರುತ್ತಿದೆ, ಇರಬೇಕಾದದ್ದು ಹೆಚ್ಚೆಂದರೆ ಶೇ 5 ಎಂದು ಆ ಸುತ್ತೋಲೆ ಹೇಳಿತ್ತು. ಇದು ಸ್ವಾಗತಾರ್ಹ ಕ್ರಮ. ಆದರೆ ಹಲವು ವರ್ಷ ಪಾಠ ಹೇಳಿ ನಿವೃತ್ತಳಾಗಿ, ಈಗ ಮುಲುಂಡ್‌ನಲ್ಲಿ ಇಬ್ಬರು ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿರುವ ನನ್ನ ಅನುಭವದಲ್ಲಿ, ಶಾಲೆಯ ಗೋಡೆಯ ಮೇಲಿನ ಅಕ್ಷರ ಓದಲು ಕಲಿಯುವ ಮೊದಲೇ ಮಗುವಿನ ನಾಲಿಗೆ ಮನೆಯಲ್ಲಿ ಪಳಗಿಬಿಟ್ಟಿರುತ್ತದೆ.

ಮುಂಬಯಿಯ ಬಹುತೇಕ ಮನೆಗಳಂತೆ ನಮ್ಮ ಮನೆಯಲ್ಲೂ ಮಗ ಮತ್ತು ಸೊಸೆ ಬೆಳಿಗ್ಗೆಯ ಲೋಕಲ್ ಹಿಡಿದು ಹೋದರೆ ಮರಳುವುದು ರಾತ್ರಿ ಎಂಟೂವರೆಗೆ. ಸಂಜೆ ಹಸಿದು ಬಂದ ಮಕ್ಕಳ ಕೈಗೆ ಮೇಜಿನ ಮೇಲಿನ ಡಬ್ಬಿಯಿಂದ ಬಿಸ್ಕತ್ತು, ವೇಫರ್ಸ್ ಕೊಟ್ಟು ಕೂರಿಸುತ್ತಿದ್ದವಳು ನಾನೇ. ಒಂಬತ್ತಕ್ಕೆ ಊಟದ ತಟ್ಟೆ ಇಟ್ಟಾಗ ಅವರಿಗೆ ಹಸಿವಿರುತ್ತಿರಲಿಲ್ಲ. ಮೊಬೈಲ್ ಎದುರಿಗಿಟ್ಟು ತುತ್ತು ತುರುಕುತ್ತಿದ್ದೆವು. ಪರದೆ ನೋಡುತ್ತಾ ನುಂಗುವ ಮಗುವಿಗೆ ರುಚಿಯೂ ತಿಳಿಯುವುದಿಲ್ಲ, ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ. ತಪ್ಪು ಮಕ್ಕಳದ್ದೆಂದು ನಾವು ಗದರುತ್ತಿದ್ದುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಆಮೇಲೆ ಡಬ್ಬಿ ಅಟ್ಟ ಸೇರಿತು. ಕೈಗೆಟಕುವಲ್ಲಿ ಬಾಳೆಹಣ್ಣು, ಹುರಿಗಡಲೆ ಬಂದವು. ಐದು ಗಂಟೆಗೆ ನೀರುದೋಸೆಯೋ, ಕುಚ್ಚಲಕ್ಕಿ ಗಂಜಿ ಮತ್ತು ಹೆಸರುಕಾಳಿನ ಪಲ್ಯವೋ, ನೆರೆಮನೆಯವರಿಂದ ಕಲಿತ ಥಾಲಿಪೀಠವೋ ಸಿದ್ಧವಿರುತ್ತದೆ. ರಾತ್ರಿ ಎಲ್ಲರೂ ಒಟ್ಟಿಗೆ ಕುಳಿತು, ಮೊಬೈಲ್‌ಗಳನ್ನು ಇನ್ನೊಂದು ಕೋಣೆಯಲ್ಲಿಟ್ಟು, ಸ್ವಲ್ಪವೇ ಉಣ್ಣುತ್ತೇವೆ. ಬಸಳೆಯನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಕಿರಿಯವನು, ಅಪ್ಪ ಅದನ್ನೇ ಬಾಯಿ ಚಪ್ಪರಿಸಿ ಉಣ್ಣುವುದನ್ನು ಹಲವು ಸಲ ನೋಡಿದ ಮೇಲೆ ತಾನಾಗಿ ಕೈ ಹಾಕಿದ. ಹೊಸ ರುಚಿಯನ್ನು ಮಗು ಒಪ್ಪಿಕೊಳ್ಳಲು ಎಂಟು ಹತ್ತು ಬಾರಿಯಾದರೂ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಾರಿ ಬಡಿಸಬೇಕಾಗುತ್ತದೆ ಎಂದು ಆಹಾರತಜ್ಞರು ಹೇಳುತ್ತಾರೆ. ನಾವು ಎರಡನೆಯ ಸಲಕ್ಕೇ ಕೈಬಿಡುತ್ತೇವೆ. ‘ಪಲ್ಯ ತಿಂದರೆ ಚಾಕೊಲೇಟ್’ ಎಂಬ ಆಮಿಷವಂತೂ ಪಲ್ಯವನ್ನು ಶಿಕ್ಷೆಯಾಗಿಯೂ ಚಾಕೊಲೇಟನ್ನು ಬಹುಮಾನವಾಗಿಯೂ ಮಗುವಿನ ಮನಸ್ಸಿನಲ್ಲಿ ನೆಲೆಗೊಳಿಸುತ್ತದೆ.

ಮೈಕೈ ತುಂಬಿಕೊಂಡ ಮಗುವೇ ಆರೋಗ್ಯದ ಮಗು ಎಂದು ನಂಬುವ ನನ್ನ ಓರಗೆಯವರಿಗೆ ಒಂದು ಮಾತು. ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅಧಿಕ ತೂಕದವರ ಪ್ರಮಾಣ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ ಶೇ 2.1 ಇದ್ದದ್ದು 2019–21ರ ಐದನೆಯ ಸುತ್ತಿನಲ್ಲಿ ಶೇ 3.4ಕ್ಕೆ ಏರಿದೆ. ಹಾಲಿಗೆ ಬೆರೆಸುವ ಸಿಹಿ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯವೇ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ತಿಳಿಸಿತ್ತು ಎಂಬುದನ್ನೂ ಅಜ್ಜಿಯಂದಿರು ಗಮನಿಸಬೇಕು.

ಇನ್ನು ಆಟದ ವಿಷಯ. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವಂತೆ ಚಟುವಟಿಕೆ ನಡೆಸಬೇಕೆಂದೂ, ಎರಡರಿಂದ ನಾಲ್ಕು ವರ್ಷದವರು ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರವಿವಾರವಿಡೀ ಸೋಫಾದಲ್ಲಿ ಒರಗಿರುವ ತಂದೆ ಮಗನಿಗೆ ‘ಹೋಗಿ ಆಡು’ ಎಂದರೆ ಆ ಮಾತು ನಾಟುವುದಿಲ್ಲ. ನನ್ನ ಮಗ ಈಗ ಮಕ್ಕಳನ್ನು ಕರೆದುಕೊಂಡು ನಡೆದೇ ತರಕಾರಿ ಮಾರ್ಕೆಟಿಗೆ ಹೋಗುತ್ತಾನೆ, ಚೀಲ ಹೊತ್ತು ಮೂವರೂ ಮೆಟ್ಟಿಲು ಹತ್ತಿ ಬರುತ್ತಾರೆ.

ಎರಡು ಕೋಣೆಯ ಮನೆಯಲ್ಲಿ ಓಡಲು ಜಾಗವೆಲ್ಲಿ? ಈ ನಗರದಲ್ಲಿ ಕಟ್ಟಡದ ಅಂಗಳವೂ ಮನೆಯ ಭಾಗವೇ, ಆದರೆ ಅಲ್ಲಿ ಕಾರುಗಳು ನಿಂತಿವೆ, ಗೋಡೆಯ ಮೇಲೆ ‘ಚೆಂಡಾಟ ನಿಷೇಧ’ ಎಂಬ ಫಲಕವಿದೆ. ಹೌಸಿಂಗ್ ಸೊಸೈಟಿಗಳ ಸಮಿತಿಗಳಲ್ಲಿರುವ ಕನ್ನಡ ಬಾಂಧವರು ತಮ್ಮ ಮುಂದಿನ ಸಭೆಯಲ್ಲಿ, ಸಂಜೆ ಐದರಿಂದ ಏಳರವರೆಗಾದರೂ ಅಂಗಳದ ಒಂದು ಮೂಲೆಯನ್ನು ಮಕ್ಕಳಿಗೆ ತೆರವುಗೊಳಿಸುವ ಪ್ರಸ್ತಾಪವನ್ನು ಇಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇಂತಿ,
ಓರ್ವ ನಿವೃತ್ತ ಶಿಕ್ಷಕಿ,
ಮುಲುಂಡ್, ಮುಂಬಯಿ