ಸ್ಪ್ಯಾನಿಶ್ ಕಲಿಕೆ: ತಯಾರಿ ಇಲ್ಲಿಂದಲೇ ಶುರುವಾಗಲಿ

ಮಾನ್ಯ ಸಂಪಾದಕರೇ,

‘ನಾಲ್ಕೇ ವಾರದಲ್ಲಿ ಸ್ಪ್ಯಾನಿಶ್’ ಎನ್ನುವ ಜಾಹೀರಾತು ನೋಡಿ ಸ್ಪೇನಿಗೋ ಮಧ್ಯ ಅಮೆರಿಕದ ಗ್ವಾಟೆಮಾಲಾಕ್ಕೋ ಹೊರಡಲು ಸಿದ್ಧರಾಗುವವರಿದ್ದಾರೆ. ಅಲ್ಲಿನ ಒಂದು ಮನೆಯಲ್ಲಿ ಉಳಿದು, ಬೆಳಿಗ್ಗೆ ಪಾಠ, ಮಿಕ್ಕ ಹೊತ್ತು ಊರವರ ಜೊತೆ ಮಾತು ಎನ್ನುವ ಈ ಪದ್ಧತಿ ನಿಜಕ್ಕೂ ಒಳ್ಳೆಯದು. ಆದರೆ ಏನೂ ಬಾರದೆ ಅಲ್ಲಿ ಹೋಗಿ ಇಳಿದರೆ ದುಡ್ಡು ದಂಡ. ಸ್ಪ್ಯಾನಿಶ್ ಕಲಿಸುವ ಕೆಲಸದಲ್ಲಿರುವುದರಿಂದ ಇದನ್ನು ಹೇಳಲೇಬೇಕೆನಿಸಿತು.

ದಿನಕ್ಕೆ 4 ಗಂಟೆ, ವಾರಕ್ಕೆ 5 ದಿನ ಅಂದರೆ ನಾಲ್ಕು ವಾರಕ್ಕೆ 80 ಗಂಟೆ ಪಾಠ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳನ್ನು ಸ್ಪ್ಯಾನಿಶಿನಲ್ಲಿ ಕೆಲಸಕ್ಕೆ ಬೇಕಾದ ಮಟ್ಟಕ್ಕೆ ತರಲು 600ಕ್ಕೂ ಹೆಚ್ಚು ತರಗತಿ ಗಂಟೆ ಇಟ್ಟುಕೊಳ್ಳುತ್ತದೆ. ನಿಮ್ಮ 80 ಗಂಟೆಯಲ್ಲಿ ಅರ್ಧ, ಅಂಕಿ ಸಂಖ್ಯೆ ಮತ್ತು ವರ್ತಮಾನ ಕಾಲದ ಕ್ರಿಯಾಪದಗಳಿಗೇ ಹೋದರೆ ಮಾತಾಡುವುದು ಯಾವಾಗ? ಅವನ್ನೆಲ್ಲ ಮನೆಯಲ್ಲೇ, ದಿನಕ್ಕೊಂದು ಗಂಟೆಯಂತೆ ಐದಾರು ತಿಂಗಳು ಕೂತು ಕಲಿಯಬಹುದು. ಎ2 ಮಟ್ಟ (ಯುರೋಪಿನ ಆರು ಹಂತಗಳ ಭಾಷಾ ಅಳತೆಯಲ್ಲಿ ಎರಡನೆಯದು) ಮುಟ್ಟಿದ ಮೇಲೆ ಹೊರಟವರಿಗೆ ಅದೇ ನಾಲ್ಕು ವಾರ ಎಷ್ಟೋ ಪಾಲು ಹೆಚ್ಚು ಕೊಡುತ್ತದೆ.

ಈ ತಯಾರಿಯನ್ನು ಇಂಗ್ಲಿಷ್ ವ್ಯಾಕರಣದ ಮೂಲಕ ಮಾಡುವುದೇ ನಮ್ಮಲ್ಲಿ ಆಗುತ್ತಿರುವ ದೊಡ್ಡ ತಪ್ಪು. ಕನ್ನಡದವರಿಗೆ ಹತ್ತಿರದ ದಾರಿಯೇ ಇದೆ. ‘ಮೆ ಗುಸ್ತಾ ಎಲ್ ಕಫೆ’ ಎಂಬುದನ್ನು ಇಂಗ್ಲಿಷಿನಿಂದ ವಿವರಿಸಲು ಅರ್ಧ ಪುಟ ಬೇಕು. ‘ನನಗೆ ಕಾಫಿ ಇಷ್ಟ’ ಎಂದರೆ ಮುಗಿಯಿತು. ‘ಇಬಾ’ ಎಂದರೆ ಹೋಗುತ್ತಿದ್ದೆ, ‘ಫುಯಿ’ ಎಂದರೆ ಹೋದೆ. ಇಂಗ್ಲಿಷಿನಲ್ಲಿ ಯೋಚಿಸುವವರು ಈ ಎರಡು ಭೂತಕಾಲಗಳ ನಡುವೆ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ‘ಇರು’ ಎನ್ನಲು ಸ್ಪ್ಯಾನಿಶಿನಲ್ಲಿರುವ ಎರಡು ಕ್ರಿಯಾಪದಗಳಾದ ‘ಸೇರ್’, ‘ಎಸ್ತಾರ್’ ಗೊಂದಲವೂ ಹಾಗೆಯೇ. ‘ಅವಳು ಡಾಕ್ಟರು’ ಎಂದು ಕ್ರಿಯಾಪದವೇ ಇಲ್ಲದೆ ಹೇಳುವ ಕಡೆ ಸೇರ್. ‘ಮನೆಯಲ್ಲಿದ್ದಾಳೆ’, ‘ಸುಸ್ತಾಗಿದ್ದಾಳೆ’ ಎನ್ನುವ ಕಡೆ ಎಸ್ತಾರ್. ‘ಎತ್ತರ ಇದ್ದಾಳೆ’ ಎನ್ನುವಂಥ ಕಾಯಂ ಗುಣ ಹೇಳುವಾಗ ಈ ಸೂತ್ರ ಕೈಕೊಡುತ್ತದೆ, ಅಲ್ಲಿ ಸೇರ್ ಬರಬೇಕು.

ಉಚ್ಚಾರಣೆಯಲ್ಲೂ ನಮಗೆ ಅನುಕೂಲವಿದೆ. ಸ್ಪ್ಯಾನಿಶಿನದು ನಮ್ಮ ತಕಾರ, ದಕಾರ. ಆದರೂ ಇಂಗ್ಲಿಷ್ ಅಭ್ಯಾಸದಿಂದ ‘ತೆಂಗೊ’ ಎನ್ನುವ ಬದಲು ‘ಟೆಂಗೊ’ ಎನ್ನುವವರೇ ಜಾಸ್ತಿ. ನಮಗೆ ನಿಜವಾಗಿ ಕಷ್ಟವಾಗುವುದು ವಸ್ತುಗಳಿಗೂ ಇರುವ ಗಂಡು, ಹೆಣ್ಣು ಲಿಂಗ. ಸಾಮಾನ್ಯವಾಗಿ ಓಕಾರಾಂತ ಪದ ಗಂಡು, ಅದರ ಮುಂದೆ ‘ಎಲ್’; ಆಕಾರಾಂತ ಪದ ಹೆಣ್ಣು, ಅದರ ಮುಂದೆ ‘ಲಾ’. ಆದರೆ ‘ಮಾನೊ’ (ಕೈ) ಓಕಾರಾಂತವಾದರೂ ‘ಲಾ ಮಾನೊ’. ‘ಪ್ರೊಬ್ಲೆಮಾ’ ಆಕಾರಾಂತವಾದರೂ ‘ಎಲ್ ಪ್ರೊಬ್ಲೆಮಾ’. ಮೊದಲ ದಿನದಿಂದಲೇ ಪ್ರತಿ ನಾಮಪದವನ್ನೂ ಎಲ್ ಅಥವಾ ಲಾ ಸೇರಿಸಿಯೇ ಬಾಯಿಪಾಠ ಮಾಡಬೇಕು. ಆಮೇಲೆ ತಿದ್ದಿಕೊಳ್ಳೋಣ ಎಂದರೆ ಆಗದ ಮಾತು.

ಊರಿನ ಆಯ್ಕೆಯೂ ಮುಖ್ಯ. ಬಾರ್ಸಿಲೋನಾದಲ್ಲಿ ಬೀದಿಯಲ್ಲೂ ಎಷ್ಟೋ ಮನೆಗಳಲ್ಲೂ ಆ ಪ್ರಾಂತದ ಬೇರೆಯೇ ಭಾಷೆಯಾದ ಕತಲಾನ್ ಕಿವಿಗೆ ಬೀಳುತ್ತದೆ. ಸ್ಪ್ಯಾನಿಶ್‌ಗೆಂದೇ ಹೋಗುವ ಹೊಸಬರಿಗೆ ಅದು ಸರಿಯಾದ ಜಾಗವಲ್ಲ. ಗ್ವಾಟೆಮಾಲಾದ ಆಂಟಿಗುವಾದಲ್ಲಿ ಒಬ್ಬ ವಿದ್ಯಾರ್ಥಿಗೆ ಒಬ್ಬ ಶಿಕ್ಷಕರು ಎನ್ನುವ ಪದ್ಧತಿ ಇದ್ದು, ಖರ್ಚು ಸ್ಪೇನಿಗಿಂತ ಕಡಿಮೆ. ಆದರೆ ಪ್ರವಾಸಿಗರು ತುಂಬಿರುವುದರಿಂದ ಅಂಗಡಿಯವರೂ ಇಂಗ್ಲಿಷಿಗೆ ಇಳಿಯುತ್ತಾರೆ. ಶೇಲಾ ಎಂದು ಜನ ಕರೆಯುವ ಕೆತ್ಸಾಲ್ತೆನಾಂಗೊದಲ್ಲಿ ಆ ಕಾಟ ಕಡಿಮೆ. ಅದು 2,300 ಮೀಟರಿಗೂ ಎತ್ತರದಲ್ಲಿದೆ, ಸ್ವೆಟರ್ ಮರೆಯಬೇಡಿ. ನೀನು ಎನ್ನಲು ಪುಸ್ತಕದ ‘ತೂ’ ಬದಲು ಅಲ್ಲಿ ‘ವೋಸ್’ ಬಳಕೆ ಹೆಚ್ಚು. ಹೊಸ ಪರಿಚಯದವರಿಗೆ, ಹಿರಿಯರಿಗೆ ‘ಉಸ್ತೆದ್’ ಎಂದರೆ ಎಲ್ಲೂ ತಪ್ಪಾಗದು.

ಹಣ ಕಟ್ಟುವ ಮೊದಲು ಶಾಲೆಗೆ ಕೇಳಲೇಬೇಕಾದ ಪ್ರಶ್ನೆ: ಆ ಮನೆಯಲ್ಲಿ ಬೇರೆ ವಿದ್ಯಾರ್ಥಿಗಳು ಇರುತ್ತಾರೆಯೇ? ಇಬ್ಬರು ಸೇರಿದರೆ ಊಟದ ಮೇಜು ಇಂಗ್ಲಿಷಿನದಾಗುತ್ತದೆ. ಸ್ನೇಹಿತರ ಜೊತೆ ಹೋಗುವ ಕನ್ನಡಿಗರಿಗೂ ಇದೇ ಮಾತು: ಒಂದೇ ಶಾಲೆಯಾದರೂ ಬೇರೆ ಬೇರೆ ಮನೆ ಹಿಡಿಯಿರಿ. ಪಾಠವೂ ದಿನಕ್ಕೆ 4 ಗಂಟೆ ಸಾಕು. 6 ಗಂಟೆ ಕೂತವರು ಸಂಜೆ ಬಾಯಿ ಬಿಡಲಾಗದಷ್ಟು ದಣಿದಿರುತ್ತಾರೆ.

ಸಸ್ಯಾಹಾರಿಗಳು ಬರಿದೇ ‘ವೆಹೆತಾರಿಯಾನೊ’ ಎಂದು ಹೇಳಿ ಸುಮ್ಮನಾಗಬಾರದು. ಸಲಾಡಿನಲ್ಲಿ ಟ್ಯೂನಾ ಮೀನು, ತರಕಾರಿ ಸೂಪಿನಲ್ಲಿ ಕೋಳಿಯ ಸಾರು, ಬೇಯಿಸಿದ ಕಾಳಿನಲ್ಲಿ ಹಂದಿ ಕೊಬ್ಬು ಇರಬಹುದು. ‘ನೊ ಕೋಮೊ ಕಾರ್ನೆ, ನಿ ಪೊಯೊ, ನಿ ಪೆಸ್ಕಾದೊ, ನಿ ಹಾಮೊನ್’ (ಮಾಂಸ, ಕೋಳಿ, ಮೀನು, ಹಂದಿಯ ತೊಡೆಮಾಂಸ ತಿನ್ನುವುದಿಲ್ಲ) ಎಂದು ಮೊದಲ ದಿನವೇ ಬಿಡಿಸಿ ಹೇಳಿ. ಮೊಟ್ಟೆ ತಿನ್ನದವರು ‘ನಿ ಉಯೆವೊಸ್’ ಸೇರಿಸಲಿ.

ಸ್ಪೇನಿಗೆ ಷೆಂಗೆನ್ ವೀಸಾದಲ್ಲಿ ಹೋದರೆ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು. ಅದಕ್ಕಿಂತ ಹೆಚ್ಚು ದಿನ ಕಲಿಯುವವರಿಗೆ ವಿದ್ಯಾರ್ಥಿ ವೀಸಾ ಬೇಕು. ಸೇರುವ ಕೋರ್ಸು ವಾರಕ್ಕೆ ಕನಿಷ್ಠ 20 ಗಂಟೆಯದಾಗಿರಬೇಕು. ಪ್ರಮಾಣಪತ್ರ ಬೇಕಾದವರು ಸ್ಪೇನ್ ಸರ್ಕಾರದ ಸೆರ್ವಾಂತೆಸ್ ಸಂಸ್ಥೆಯ ಡೆಲೆ ಪರೀಕ್ಷೆ ಕಟ್ಟಬಹುದು. ಅದರ ಪ್ರಮಾಣಪತ್ರಕ್ಕೆ ಅವಧಿ ಮಿತಿಯಿಲ್ಲ. ಸಿಯೆಲೆ ಎಂಬ ಇನ್ನೊಂದು ಸ್ಪ್ಯಾನಿಶ್ ಪರೀಕ್ಷೆಯ ಪ್ರಮಾಣಪತ್ರ 5 ವರ್ಷ ಮಾತ್ರ ಊರ್ಜಿತ.

ಊರಿಗೆ ಮರಳಿದ ಮೇಲೆ ಬಾಯಿ ಕಟ್ಟದಂತೆ ನೋಡಿಕೊಳ್ಳಲು ಅಲ್ಲಿಯ ಶಿಕ್ಷಕರ ಬಳಿಯೇ ವಾರಕ್ಕೆ ಎರಡು ಗಂಟೆ ವಿಡಿಯೊ ಪಾಠ ಮುಂದುವರಿಸಬಹುದು. ನಮ್ಮಲ್ಲಿ ಸಂಜೆ 7.30 ಆದಾಗ ಗ್ವಾಟೆಮಾಲಾದಲ್ಲಿ ಬೆಳಿಗ್ಗೆ 8. ಆಫೀಸು ಮುಗಿಸಿ ಬಂದವರಿಗೂ ಆ ಹೊತ್ತು ಒದಗುತ್ತದೆ.

— ಸ್ಪ್ಯಾನಿಶ್ ಶಿಕ್ಷಕಿ, ಬೆಂಗಳೂರು